ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ಜಾಹೀರಾತಿಗೆ ವಿವರವೋ, ಹೋಲಿಕೆಯೋ?

ಪ್ರಶ್ನೆ: ಸೂಪರ್ ಮಾರ್ಕೆಟ್ ಬಾಜೂಕ ನಮ್ದು ಲ್ಯಾಪ್‌ಟಾಪ್ ಅಂಗಡಿ ಅದ. ಎಲ್ಲರಿಗೂ ಗೊತ್ತಿರೋ ದೊಡ್ಡ ಬ್ರ್ಯಾಂಡೊಂದು, ಹೊಸ ಬ್ರ್ಯಾಂಡೊಂದು, ಎರಡೂ ಮಾರ್ತೀವಿ. ಕಾಲೇಜ್ ಶುರು ಆಗೋ ಮುಂದ ಪೇಪರ್ ಜೋಡಿ ಪಾಂಪ್ಲೆಟ್ ಹಾಕಸ್ತೀವಿ. ಮಷಿನ್‌ದಾಗ ಏನೇನದ ಅಂತ ಬರಸಬೇಕೋ, ‘ಆ ಕಂಪನಿಗಿಂತ ಇದು ಚಲೋ’ ಅಂತ ಬರಸಬೇಕೋ? ಯಾವುದಕ್ಕ ಗಿರಾಕಿ ಬರ್ತಾರ್ರೀ?
— ಅಂಗಡಿ ಮಾಲೀಕರು, ಕಲಬುರಗಿ

ಉತ್ತರ: ದೊಡ್ಡ ಬ್ರ್ಯಾಂಡಿಗೆ ವಿವರ ಬರೆಸಿ, ಹೊಸದಕ್ಕೆ ಹೋಲಿಕೆ ಬರೆಸಿ. ಎರಡಕ್ಕೂ ಒಂದೇ ನಮೂನೆ ಹಾಕಿದರೆ ಒಂದರ ದುಡ್ಡು ವ್ಯರ್ಥ.

ಈ ವಿಷಯದ ಮೇಲೆ ನಡೆದಿದ್ದ ಹಲವು ಅಧ್ಯಯನಗಳನ್ನು 1997ರಲ್ಲಿ ಅಮೆರಿಕದ ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ಹೋಲಿಕೆಯ ಜಾಹೀರಾತು ಹೆಚ್ಚು ಗಮನ ಸೆಳೆಯುತ್ತದೆ, ಹೆಸರು ನೆನಪಿನಲ್ಲಿ ಉಳಿಸುತ್ತದೆ, ಕೊಳ್ಳುವ ಮನಸ್ಸನ್ನೂ ಹೆಚ್ಚಿಸುತ್ತದೆ ಎಂದು ಕಂಡುಬಂತು. ಆದರೆ ಹೇಳುವವರ ಮೇಲಿನ ನಂಬಿಕೆ ಅದರಿಂದ ಇಳಿಯುತ್ತದೆ. ಲಾಭ ಹೆಚ್ಚು ಸಿಗುವುದು ಹೊಸಬರು ಹಳಬರ ಪಕ್ಕದಲ್ಲಿ ನಿಂತಾಗ. ಹೆಸರು ಕೇಳದ ಕಂಪನಿ ದೊಡ್ಡದರ ಜೊತೆ ತೂಗಿಸಿಕೊಂಡರೆ ‘ಇದೂ ಆ ಸಾಲಿನದೇ’ ಎಂಬ ಭಾವನೆ ಬರುತ್ತದೆ. ದೊಡ್ಡವರು ಸಣ್ಣವರ ಹೆಸರೆತ್ತಿದರೆ ಸಣ್ಣವರಿಗೆ ಪುಕ್ಕಟೆ ಪ್ರಚಾರ.

ಕಂಪ್ಯೂಟರ್ ಲೋಕದಲ್ಲೇ ಇದಕ್ಕೆ ಸಾಕ್ಷಿಯಿದೆ. 2006ರಿಂದ 2009ರವರೆಗೆ ಆ್ಯಪಲ್ ‘ಗೆಟ್ ಎ ಮ್ಯಾಕ್’ ಹೆಸರಿನಲ್ಲಿ ಜಾಹೀರಾತಿನ ಸರಣಿ ನಡೆಸಿತು. ಬಿಳಿ ಹಿನ್ನೆಲೆಯಲ್ಲಿ ಇಬ್ಬರು: ಒಬ್ಬ ಮ್ಯಾಕ್ (ಆ್ಯಪಲ್‌ನ ಕಂಪ್ಯೂಟರ್), ಇನ್ನೊಬ್ಬ ಪಿಸಿ (ವಿಂಡೋಸ್ ಇರುವ ಬೇರೆ ಕಂಪನಿಗಳ ಕಂಪ್ಯೂಟರ್). ಆಗ ಮ್ಯಾಕ್ ಮಾರುಕಟ್ಟೆಯಲ್ಲಿ ಸಣ್ಣದು. ಎದುರಿಗೆ ನಿಲ್ಲಿಸಿದ್ದು ಯಾವುದೋ ಒಂದು ಕಂಪನಿಯ ಮಾಡೆಲನ್ನಲ್ಲ, ‘ಪಿಸಿ’ ಎಂಬ ಇಡೀ ವರ್ಗವನ್ನು. ಒಂದು ಜಾಹೀರಾತಿನಲ್ಲಿ ವೈರಸ್, ಇನ್ನೊಂದರಲ್ಲಿ ಹ್ಯಾಂಗ್ ಆಗುವುದು, ಹೀಗೆ ಒಂದೊಂದರಲ್ಲಿ ಒಂದೇ ಮಾತು. ಹೋಲಿಕೆಗೆ ಹೋಲಿಕೆಯಿಂದಲೇ ಉತ್ತರ ಬರುತ್ತದೆ ಎಂಬುದೂ ಅಲ್ಲೇ ಕಂಡಿತು. 2009ರಲ್ಲಿ ಮೈಕ್ರೋಸಾಫ್ಟ್ ‘ಲ್ಯಾಪ್‌ಟಾಪ್ ಹಂಟರ್ಸ್’ ಸರಣಿ ತಂದು, ಗಿರಾಕಿಯ ಕೈಗೆ ಇಷ್ಟು ದುಡ್ಡು ಎಂದು ಕೊಟ್ಟು, ಮ್ಯಾಕ್ ದುಬಾರಿ ಎಂಬುದನ್ನೇ ಎತ್ತಿ ಹಿಡಿಯಿತು. 2021ರಲ್ಲಿ ಪಿಸಿಗಳಿಗೆ ಚಿಪ್ ತಯಾರಿಸುವ ಇಂಟೆಲ್, ಮ್ಯಾಕ್ ಪಾತ್ರ ಮಾಡಿದ್ದ ಅದೇ ನಟನನ್ನು ಕರೆತಂದು ಪಿಸಿ ಪರವಾಗಿ ಮಾತಾಡಿಸಿತು. ನನ್ನ ಲೆಕ್ಕದಲ್ಲಿ ಅದು ತಪ್ಪು ನಡೆ. ಆ್ಯಪಲ್‌ನ ಹೊಸ ಎಂ1 ಚಿಪ್ ಬಗ್ಗೆ ತಲೆ ಕೆಡಿಸಿಕೊಳ್ಳದವರಿಗೂ ಇಂಟೆಲ್ ತಾನೇ ಅದನ್ನು ನೆನಪಿಸಿದಂತಾಯಿತು.

ಈಗ ನಿಮ್ಮ ಪಾಂಪ್ಲೆಟ್ಟಿಗೆ ಬರೋಣ. ‘ಐ5, 8 ಜಿಬಿ, 512 ಜಿಬಿ, ವಿಂಡೋಸ್’ ಎಂದಷ್ಟೇ ಬರೆದರೆ ಅದು ವಿವರವಲ್ಲ. ಪ್ರೊಸೆಸರ್‌ನ ಪೂರ್ತಿ ನಂಬರ್ ಹಾಕಿಸಿ. ‘ಐ5’ ಎಂಬ ಹೆಸರಲ್ಲಿ ಹತ್ತು ವರ್ಷ ಹಳೆಯದೂ ಇದೆ, ಹೊಸದೂ ಇದೆ. ಕೊನೆಯ ಅಕ್ಷರ ಯು ಇದ್ದರೆ ಕಡಿಮೆ ಕರೆಂಟಿನದು, ಎಚ್ ಇದ್ದರೆ ವೇಗ ಜಾಸ್ತಿ, ಬಿಸಿಯೂ ಜಾಸ್ತಿ. ರ‍್ಯಾಮ್ ಬೋರ್ಡಿಗೇ ಬೆಸೆದಿದೆಯೋ, ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೋ ಹೇಳಿ. 512 ಜಿಬಿ ಎಸ್‌ಎಸ್‌ಡಿ (ಫೈಲ್ ಉಳಿಸುವ ವೇಗದ ಸ್ಟೋರೇಜ್) ವಿಂಡೋಸ್‌ನಲ್ಲಿ ಸುಮಾರು 476 ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಷ್ಟೇ. ಇದನ್ನು ಮೊದಲೇ ಅಚ್ಚು ಹಾಕಿಸಿದರೆ ‘ನಮ್ಗ ಕಡಿಮಿ ಕೊಟ್ಟೀರಿ’ ಎಂದು ಗಿರಾಕಿ ಬಾಕ್ಸ್ ಹಿಡಿದು ವಾಪಸ್ ಬರುವುದು ತಪ್ಪುತ್ತದೆ. ಆಫೀಸ್ ಸಾಫ್ಟ್‌ವೇರ್ ಕಾಯಂ ಬಳಕೆಗೋ, ಟ್ರಯಲ್ಲೋ? ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯೋ? ಎಲ್ಲಕ್ಕಿಂತ ಮುಖ್ಯವಾಗಿ, ವಾರಂಟಿಯವರು ಮನೆಗೆ ಬಂದು ರಿಪೇರಿ ಮಾಡುತ್ತಾರೋ, ಸರ್ವಿಸ್ ಸೆಂಟರ್‌ಗೆ ಒಯ್ಯಬೇಕೋ, ಆ ಸೆಂಟರ್ ಕಲಬುರಗಿಯಲ್ಲೇ ಇದೆಯೋ, ಹೈದರಾಬಾದಿಗೆ ಕಳಿಸಬೇಕೋ? ಆಳಂದ ಅಥವಾ ಸೇಡಂ ಕಡೆಯಿಂದ ಬರುವ ತಂದೆ ತಾಯಿಗೆ ಪ್ರೊಸೆಸರ್‌ಗಿಂತ ಈ ಸಾಲು ದೊಡ್ಡದು. ತೊಗರಿ ಮಾರಿದ ದುಡ್ಡಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವವರಿಗೆ ಈ ಉತ್ತರ ಸಿಗಲೇಬೇಕು.

ಹೊಸ ಬ್ರ್ಯಾಂಡಿನ ಹೋಲಿಕೆಯಲ್ಲಿ ಎರಡೇ ಅಂಶ ಇರಲಿ. ಉದ್ದದ ಕೋಷ್ಟಕ ಅಂಗಡಿಯ ಕೌಂಟರ್ ಮೇಲೆ ಇಡಿ. ಎರಡು ಮಾಡೆಲಿನಲ್ಲಿ ಒಂದನ್ನು ಆರಿಸಲು ಒದ್ದಾಡುವ ಗಿರಾಕಿ ನಿಲ್ಲುವುದು ಅಲ್ಲಿಯೇ. ಬೆಲೆ, ರ‍್ಯಾಮ್ ಎರಡೂ ಹತ್ತಿರಹತ್ತಿರ ಇರುವ ಮಾಡೆಲ್‌ಗಳನ್ನೇ ತೂಗಿ. ಎದುರಿನ ಮಾಡೆಲ್ ಗೆಲ್ಲುವ ಒಂದು ಸಾಲೂ ಇರಲಿ, ‘ತೂಕ ಅದರದ್ದು ಕಡಿಮೆ’ ಎಂಬಂಥದ್ದು. ಹೋಲಿಕೆಯಿಂದ ಇಳಿಯುವ ನಂಬಿಕೆಯನ್ನು ಆ ಒಂದು ಸಾಲು ಎತ್ತಿ ನಿಲ್ಲಿಸುತ್ತದೆ.

ಇನ್ನೂ ಒಂದು ಹೋಲಿಕೆಯಿದೆ, ನಾನು ಹೆಚ್ಚು ನೆಚ್ಚುವುದು ಅದನ್ನೇ: ಗಿರಾಕಿಯ ಮನೆಯಲ್ಲಿರುವ ಹಳೆಯ ಮಷಿನ್ ಜೊತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್‌ನದಾದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ದಾಲ್ ಮಿಲ್ಲಿನ ಬಿಲ್ಲಿಂಗ್ ಟೇಬಲ್ ಮೇಲಿರುವ ಹಾರ್ಡ್ ಡಿಸ್ಕಿನ ಹಳೆಯ ಕಂಪ್ಯೂಟರ್ ಎದುರು ಎಸ್‌ಎಸ್‌ಡಿ ಇರುವ ಹೊಸದನ್ನಿಟ್ಟು ತೋರಿಸಿ. ಅದೇ ಟ್ಯಾಲಿ ಫೈಲ್ ಎರಡರಲ್ಲೂ ತೆರೆಯಿರಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ಅಳೆದು ನಡುವಿನ ಅಂಕಿ ಬರೆಯಿರಿ. ಇಲ್ಲಿ ಯಾವ ಕಂಪನಿಯನ್ನೂ ಹಳಿಯಬೇಕಿಲ್ಲ, ಯಾವ ವಕೀಲರ ನೋಟಿಸೂ ಬರುವುದಿಲ್ಲ.

ಪ್ರಶ್ನೆ: ನಾನು ಎಂ.ಕಾಂ. ವಿದ್ಯಾರ್ಥಿನಿ. ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಬೀದರ್‌ನ ಒಂದು ಅಂಗಡಿಯವರು ಸಹಾಯ ಮಾಡಲು ಒಪ್ಪಿದ್ದಾರೆ. ಯಾವ ಜಾಹೀರಾತು ಮೇಲು ಎಂದು ಅಳೆಯುವುದು ಹೇಗೆ?
— ಓದುಗರು, ಬೀದರ್

ಉತ್ತರ: ‘ನಿಮಗೆ ಯಾವುದು ಇಷ್ಟವಾಯಿತು’ ಎಂಬ ಪ್ರಶ್ನಾವಳಿಯನ್ನು ನೆಚ್ಚಿಕೊಳ್ಳಬೇಡಿ. ಮೆಚ್ಚುವುದು ಬೇರೆ, ಅಂಗಡಿ ಮೆಟ್ಟಿಲು ಹತ್ತುವುದು ಬೇರೆ. ಎರಡು ಪಾಂಪ್ಲೆಟ್ ಮಾಡಿಸಿ, ತಲಾ 1000. ಅಳತೆ, ಬಣ್ಣ, ಬೆಲೆ, ಆಫರ್ ಎಲ್ಲ ಒಂದೇ. ನಡುವಿನ ಭಾಗ ಮಾತ್ರ ಒಂದರಲ್ಲಿ ವಿವರ, ಇನ್ನೊಂದರಲ್ಲಿ ಹೋಲಿಕೆ. ಮೂಲೆಯಲ್ಲಿ ಸಣ್ಣ ಗುರುತು ಹಾಕಿಸಿ. ಪಾಂಪ್ಲೆಟ್ ತಂದವರಿಗೆ ಮೌಸ್ ಪ್ಯಾಡ್ ಉಚಿತ ಎಂದು ಎರಡರಲ್ಲೂ ಬರೆಸಿ, ಆಗ ಕಾಗದ ತಾನಾಗಿ ಕೈಗೆ ಬರುತ್ತದೆ.

ಕೆಡುವುದು ಹಂಚುವಾಗ. ಒಂದನ್ನು ಎಂಜಿನಿಯರಿಂಗ್ ಕಾಲೇಜಿನ ಕಡೆಗೂ ಇನ್ನೊಂದನ್ನು ಕೋಟೆಯ ಕಡೆಗೂ ಹಾಕಿಸಿದರೆ ನೀವು ಅಳೆದಂತಾಗುವುದು ಓಣಿಗಳನ್ನು, ಜಾಹೀರಾತನ್ನಲ್ಲ. ಒಂದು ವಾರ ಇದು, ಮುಂದಿನ ವಾರ ಅದು ಎಂದರೂ ತಪ್ಪೇ. ನಡುವೆ ಸಂಬಳದ ದಿನವೋ ಹಬ್ಬವೋ ಬಂದಿರುತ್ತದೆ. ಎರಡನ್ನೂ ಒಂದರ ಮೇಲೊಂದು ಕಲಸಿ, ಒಂದೇ ಮುಂಜಾನೆ, ಪೇಪರ್ ಹಾಕುವ ಪ್ರತಿ ಹುಡುಗನ ಕಟ್ಟಿನಲ್ಲೂ ಎರಡೂ ಇರುವಂತೆ ಕೊಡಿ. ಅಂಗಡಿಯಲ್ಲಿ ಮೂರು ಎಣಿಕೆ ಇರಲಿ: ವಿಚಾರಿಸಿದವರು, ಮಷಿನ್ ಮುಟ್ಟಿ ನೋಡಿದವರು, ಕೊಂಡವರು. ಹೋಲಿಕೆ ಮೊದಲನೆಯದರಲ್ಲಿ ಗೆದ್ದು ಕೊನೆಯದರಲ್ಲಿ ಸೋಲುವ ಸಾಧ್ಯತೆ ಉಂಟು. ನಿಮ್ಮ ಪ್ರಾಜೆಕ್ಟಿನ ಜೀವಾಳ ಅದೇ ಆಗಬಹುದು.

ಅಂಕಿ ಬಂದ ಮೇಲೆ ಆತುರಪಡಬೇಡಿ. ಉದಾಹರಣೆಗೆ ಒಂದರಿಂದ 10 ಜನ, ಇನ್ನೊಂದರಿಂದ 16 ಜನ ಬಂದರು ಎನ್ನಿ. ಒಟ್ಟು 26, ಅದರ ವರ್ಗಮೂಲ ಸುಮಾರು 5, ಅದರ ಎರಡರಷ್ಟು 10. ವ್ಯತ್ಯಾಸ ಈ 10ನ್ನು ದಾಟಿದರೆ ಮಾತ್ರ ನಂಬಬಹುದು. ಇಲ್ಲಿ ವ್ಯತ್ಯಾಸ 6 ಮಾತ್ರ, ಆದ್ದರಿಂದ ಅದು ಆಕಸ್ಮಿಕವೂ ಇರಬಹುದು. 10 ಮತ್ತು 25 ಆಗಿದ್ದರೆ ಒಟ್ಟು 35, ವರ್ಗಮೂಲದ ಎರಡರಷ್ಟು ಸುಮಾರು 12, ವ್ಯತ್ಯಾಸ 15. ಆಗ ಧೈರ್ಯವಾಗಿ ಬರೆಯಬಹುದು. ಎರಡನ್ನೂ ಸಮಸಂಖ್ಯೆಯಲ್ಲಿ ಹಂಚಿದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ.

ಪ್ರಶ್ನೆ: ಎದುರಿನ ಅಂಗಡಿ ಮಾರುವ ಬ್ರ್ಯಾಂಡಿನ ಹೆಸರು ಹಾಕಿ ‘ಅದು ಡಬ್ಬಾ, ನಮ್ದು ಓರಿಜಿನಲ್’ ಅಂತ ಫ್ಲೆಕ್ಸ್ ಮಾಡಸಬಹುದಾ?
— ಓದುಗರು, ಯಾದಗಿರಿ

ಉತ್ತರ: ಬೇಡ. ಬೇರೆಯವರ ಬ್ರ್ಯಾಂಡಿನ ಹೆಸರು ಹೇಳಿ ಪ್ರಾಮಾಣಿಕವಾಗಿ ಹೋಲಿಸಲು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29(8) ಮತ್ತು 30(1)ನೇ ಕಲಂಗಳ ಪ್ರಕಾರ ಅವಕಾಶವಿದೆ. ಆದರೆ ಆ ಹೆಸರಿನ ಅನುಚಿತ ಲಾಭ ಪಡೆಯುವಂತಿಲ್ಲ, ಅದರ ಮಾನಕ್ಕೆ ಧಕ್ಕೆ ತರುವಂತಿಲ್ಲ. ನಿಮ್ಮ ಮಾಲು ಚಲೋ ಎಂದು ಹೊಗಳಿಕೊಳ್ಳಬಹುದು, ಇನ್ನೊಬ್ಬರದು ಕೆಟ್ಟದ್ದು ಎಂದು ಹಳಿಯಬಾರದು. 1999ರಲ್ಲೇ ಕಲ್ಕತ್ತಾ ಹೈಕೋರ್ಟ್ ಈ ಗೆರೆ ಎಳೆದಿದೆ. ಗ್ರಾಹಕರ ರಕ್ಷಣಾ ಕಾಯ್ದೆ, 2019ರಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಜಾಹೀರಾತು ನಿಲ್ಲಿಸಿ, ತಿದ್ದಿ ಎಂಬ ಆದೇಶ ವ್ಯಾಪಾರಿಗೂ ಬರಬಹುದು. ಅದೇ ಕಾಯ್ದೆಯಡಿ ಬಂದ 2022ರ ಮಾರ್ಗಸೂಚಿಯ ಒಂದು ಮಾತು ನಮ್ಮ ಭಾಗದಲ್ಲಿ ದಿನಾ ಮುರಿಯುತ್ತದೆ: ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ದೊಡ್ಡ ಕನ್ನಡ ಅಕ್ಷರದಲ್ಲಿ ಆಫರ್, ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಹಾಕಿಸುವುದು ಓದುಗರಿಗೆ ಮಾಡುವ ಮೋಸ.

ಪ್ರಶ್ನೆ: ‘14 ತಾಸು ಬ್ಯಾಟರಿ’ ಎಂಬ ಜಾಹೀರಾತು ನಂಬಬಹುದೇ?
— ಓದುಗರು, ಶಹಾಪುರ

ಉತ್ತರ: ಆ ಸಂಖ್ಯೆಯ ಹಿಂದೆ ‘ವರೆಗೆ’ ಎಂಬ ಮಾತು ಇರುತ್ತದೆ, ಹುಡುಕಿ. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಎಂಬ ಅಂಕಿ ಇರುತ್ತದೆ, ಅದು ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ. 42 ಇದ್ದು, ಬೆಳಕು ತಗ್ಗಿಸಿ ವಿಡಿಯೊ ನೋಡುವಾಗ ಮಷಿನ್ 3 ವ್ಯಾಟ್ ತಿಂದರೆ 42ನ್ನು 3ರಿಂದ ಭಾಗಿಸಿದಾಗ 14 ತಾಸು. ಕಿಟಕಿಯ ಬೆಳಕಿನ ಎದುರು ಬ್ರೈಟ್‌ನೆಸ್ ಏರಿಸಿ, ವೈಫೈ ಹಾಕಿ, ಹತ್ತಾರು ಟ್ಯಾಬ್ ತೆರೆದು 9 ವ್ಯಾಟ್ ತಿನ್ನಿಸಿದರೆ ಅದೇ ಬ್ಯಾಟರಿ ನಾಲ್ಕೂವರೆ ತಾಸಿನ ಆಸುಪಾಸು. ಅಂಗಡಿಯಲ್ಲಿ ತಾಸು ಕೇಳುವ ಬದಲು ವ್ಯಾಟ್-ಅವರ್ ಕೇಳಿ, ಎರಡು ಮಾಡೆಲಿನದೂ ಬರೆದುಕೊಳ್ಳಿ. ಪ್ರೊಸೆಸರ್, ಸ್ಕ್ರೀನ್ ಒಂದೇ ತರಹದ್ದಾದರೆ ದೊಡ್ಡ ಅಂಕಿಯದು ಹೆಚ್ಚು ಹೊತ್ತು ನಡೆಯುತ್ತದೆ.