ಬೇಜಾರಾದ್ರೆ ಪರವಾಗಿಲ್ಲ, ಬೇಸತ್ರೆ ಕಷ್ಟ

ಓದುಗರ ಪತ್ರ: ವಿಪರೀತ ಕಿರಿಕಿರಿ ಆಗಿ ಇನ್ನು ಸಾಕಪ್ಪಾ ಅನ್ನಿಸೋ ಸ್ಥಿತಿಗೆ ನಾನು 'ಬೇಜಾರು' ಅಂತ ಬರೆದೆ. ಸ್ನೇಹಿತರೊಬ್ರು ಅದು 'ಬೇಸರ'ದ ಅಪಭ್ರಂಶ, ಪ್ರಿಂಟಲ್ಲಿ ಬರಬಾರದು ಅಂದ್ರು. ಹೌದಾ?

ಸಂಪಾದಕರ ಉತ್ತರ:

ಅಪಭ್ರಂಶ ಅಲ್ಲ ಸಾರ್. ನಿಮ್ಮ ಸ್ನೇಹಿತರ ಥರ ಅಂದ್ಕೊಂಡಿರೋರು ಬಹಳ ಜನ ಇದಾರೆ, ಕೇಳಕ್ಕೆ ಎರಡೂ ಒಂದೇ ಥರ ಇದೆ, ಅರ್ಥಾನೂ ಹತ್ರಹತ್ರ, ಹಾಗಾಗಿ ಹಳ್ಳಿ ಬಾಯಲ್ಲಿ ಬೇಸರ ಹೋಗಿ ಬೇಜಾರು ಆಯ್ತು ಅಂತ ಕಥೆ ಕಟ್ಟೋದು ಸುಲಭ. ಆದ್ರೆ ಬೇಜಾರು ಪಾರ್ಸಿ ಪದ. ಅರ್ಜಿ, ಜಮೀನು, ತಕರಾರು ಎಲ್ಲಾ ಬಂದ ದಾರೀಲೇ ಇದೂ ಬಂದಿದ್ದು, ಅಂದ್ರೆ ದಖನ್ನಿನ ಸುಲ್ತಾನರ ಆಡಳಿತ, ದಖನಿ ಉರ್ದು, ಮರಾಠಿ ಇವುಗಳ ಒಡನಾಟದಿಂದ. ಪಾರ್ಸಿಯಲ್ಲಿ ಅದು ಭಾರೀ ಖಾರದ ಮಾತು, ನೀನು ಅಂದ್ರೆ ನನಗೆ ಅಸಹ್ಯ ಅನ್ನೋ ಲೆವೆಲ್ಲಿಂದು. ಮರಾಠಿಯಲ್ಲಿ ಈಗ್ಲೂ ಜೀವ ಬೇಜಾರಾಯ್ತು ಅಂದ್ರೆ ಹೈರಾಣಾಗಿ ಹೋದೆ ಅಂತ.

ನಮ್ಮಲ್ಲಿ ಬಂದು ಮೆತ್ತಗಾಗಿಬಿಡ್ತು ಅಷ್ಟೆ. ಭಾನುವಾರ ಮಾಡಕ್ಕೆ ಕೆಲಸ ಇಲ್ದಿದ್ರೂ ಬೇಜಾರು, ಯಾರೋ ತೀರಿಕೊಂಡ್ರು ಅಂತ ಕೇಳಿದ್ರೂ ಬೇಜಾರಾಯ್ತು, ಮದುವೆಗೆ ಕರೀಲಿಲ್ಲ ಅಂತ ಅತ್ತೆಗೂ ಬೇಜಾರು. 'ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ' ಅಂತ ಶುರು ಮಾಡೋರಂತೂ (ಆ ಮಾತು ಖಂಡಿತ ಬೇಜಾರು ಮಾಡೋದೇ ಆಗಿರತ್ತೆ) ಅದನ್ನ ಬರೀ ಮರ್ಯಾದೆಯ ಮಾತು ಮಾಡಿಟ್ಟಿದಾರೆ. ಇಷ್ಟೊಂದು ಕೆಲಸ ಮಾಡೋ ಪದಕ್ಕೆ ವಿಪರೀತ ಕಿರಿಕಿರಿನೂ ಹೊರಿಸಿದ್ರೆ ಓದೋರಿಗೆ ಅದು ಮುಟ್ಟಲ್ಲ. ನಿಮ್ಮ ವಾಕ್ಯದ ತೊಂದರೆ ಇದು, ಶುದ್ಧ ಅಶುದ್ಧದ್ದಲ್ಲ.

ನಿಮಗೆ ಬೇಕಾದ ಪದ 'ಬೇಸತ್ತು'. ಇದು ಅಚ್ಚ ನಮ್ಮದು. ಹಳಗನ್ನಡದಲ್ಲಿ ಬೇಸಱು ಅಂತ ಕ್ರಿಯಾಪದ ಇತ್ತು, ಕೊನೇಲಿರೋದು ಈಗ ಬಳಕೆ ತಪ್ಪಿರೋ ಆ ಗಡಸು ಱ, ಶಕಟರೇಫ. ಆ ಅಕ್ಷರ ಹೋದ್ರೂ ಅದರ ಗುರುತು ಹೋಗಿಲ್ಲ ನೋಡಿ. ಮಾಮೂಲಿ ರ ಇರೋ ಬರು, ತರು ಭೂತಕಾಲದಲ್ಲಿ ಬಂದ, ತಂದ ಆಗತ್ತೆ. ಱ ಇದ್ದ ಹೊರು ಮಾತ್ರ ಹೊತ್ತ, ಹೆರು ಹೆತ್ತಳು, ತೆರು ತೆತ್ತ. ಅದೇ ಲೆಕ್ಕದಲ್ಲಿ ಬೇಸರು, ಬೇಸತ್ತ. ನಾವು ದಿನಾ ಹೇಳೋ 'ಬೇಸತ್ತು ಹೋದೆ'ಯ ಆ ಒತ್ತು ತ ಇದೆಯಲ್ಲ, ಅದು ಸತ್ತ ಅಕ್ಷರದ ಹೆಜ್ಜೆ. 'ಬೇಸರ'ನೂ ಇದೇ ಮನೆಯದು. ತೆಲುಗಲ್ಲಿ ಇದರ ನೆಂಟ ವೇಸಾರು ಇದೆ, 'ವಿಸಿಗಿ ವೇಸಾರಿ' ಅಂತಾರೆ, ತುಂಬಾ ರೋಸಿಹೋಗಿ ಅಂತ.

ಬಳಕೆಯಲ್ಲೂ ಒಂದು ತಮಾಷೆ ಇದೆ. ಬೇಜಾರು 'ನನಗೆ' ಆಗತ್ತೆ, ಜ್ವರ ಬಂದ ಹಾಗೆ, ತಾನಾಗೇ ಬರತ್ತೆ ಹೋಗತ್ತೆ. ಆದ್ರೆ ಬೇಸತ್ತಿದ್ದು 'ನಾನು', ಯಾವುದೋ ಒಂದರಿಂದ. ಮತ್ತೆ 'ನಾನು ಬೇಸರುತ್ತೇನೆ' ಅಂತ ಇವತ್ತು ಯಾರೂ ಅನ್ನಲ್ಲ, ಮಾತಲ್ಲಿ ಉಳಿದಿರೋದು ಬೇಸತ್ತೆ, ಬೇಸತ್ತು ಹೋಗಿದೀನಿ, ಬೇಸತ್ತ ಜನ, ಹೀಗೆ ಮುಗಿದು ಹೋದ ರೂಪಗಳೇ. ಈ ಮಾತು ಬಾಯಿಗೆ ಬರೋ ಹೊತ್ತಿಗೆ ತಾಳ್ಮೆ ಖಾಲಿಯಾಗಿ ಎಷ್ಟೋ ಹೊತ್ತಾಗಿರತ್ತೆ. ಪಕ್ಕದ ಮನೆ ಡ್ರಿಲ್ಲಿಂಗ್ ಮೊದಲ ದಿನ ಕಿರಿಕಿರಿ, ವಾರ ಆದ್ಮೇಲೆ ತಲೆಚಿಟ್ಟು, ಮನೆ ಖಾಲಿ ಮಾಡ್ತೀನಿ ಅಂತ ಓನರ್‌ಗೆ ಫೋನ್ ಮಾಡಿದ ದಿನ ಬೇಸತ್ತಿದೀರಿ ಅಂತ ಲೆಕ್ಕ. 'ರೋಸಿಹೋಯ್ತು'ನೂ ಇದೇ ಎತ್ತರದ್ದು, ಸ್ವಲ್ಪ ಸಿಟ್ಟು ಜಾಸ್ತಿ. ಉತ್ತರ ಕರ್ನಾಟಕದ 'ತ್ರಾಸು', ಕರಾವಳಿಯ 'ಮಂಡೆಬಿಸಿ' ಇಷ್ಟು ದೂರ ಹೋಗಲ್ಲ ಅಂತ ನನ್ನ ಅಭಿಪ್ರಾಯ, ಅಲ್ಲಿಯವರು ಜಗಳಕ್ಕೆ ಬರಬಹುದು, ಬರಲಿ.

ಇನ್ನು ಪ್ರಿಂಟಲ್ಲಿ ಬರಬಹುದಾ ಅನ್ನೋದು. ಧಾರಾಳವಾಗಿ. ಪಾರ್ಸಿ ಅಂತ ಬೇಜಾರನ್ನ ಹೊರಗೆ ಹಾಕೋದಾದ್ರೆ ಅರ್ಜಿ, ಜಮೀನು, ತಕರಾರು ಮೂರನ್ನೂ ಹಾಕ್ಬೇಕು, ಆಮೇಲೆ ಕೋರ್ಟ್ ಸುದ್ದಿ ಹೆಂಗೆ ಬರೀತಾರೋ ನಿಮ್ಮ ಸ್ನೇಹಿತರೇ ಹೇಳಬೇಕು. ನಿಮ್ಮ ಲೇಖನದ ಆ ಒಂದು ವಾಕ್ಯದಲ್ಲಿ ಮಾತ್ರ 'ಬೇಜಾರಾಗಿದೆ' ತೆಗೆದು 'ಬೇಸತ್ತು ಹೋಗಿದ್ದಾರೆ' ಅಂತ ಮಾಡಿ, ಮಿಕ್ಕ ಕಡೆ ಇರೋ ಹಾಗೇ ಇರಲಿ.