ಸುವರ್ಣಯುಗ ಯಾರದ್ದು? ಲಿಮರಿಕ್‌ನ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಓದುಗರ ಪತ್ರ: ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಐರ್ಲೆಂಡಿನ ಹರ್ಲಿಂಗ್ ಆಟದ ಬಗ್ಗೆ ಬರೆಯುತ್ತಾ 1994ರಿಂದ 1998ರವರೆಗಿನ ಐದು ವರ್ಷಗಳನ್ನು ಸುವರ್ಣಯುಗ ಎಂದು ಕರೆದಿದ್ದೀರಿ. ನಾನು ಲಿಮರಿಕ್ ನಗರದಲ್ಲಿ ಕೆಲಸಕ್ಕಿದ್ದೇನೆ. ಆ ವರ್ಷಗಳ ಮಾತೆತ್ತಿದರೆ ಇಲ್ಲಿನ ಹಿರಿಯ ಸಹೋದ್ಯೋಗಿಗಳ ಮುಖ ಬಾಡುತ್ತದೆ. ಹಳೆಯ ಪಂದ್ಯಗಳ ದೃಶ್ಯಗಳನ್ನು ನೋಡಿದೆ. ಚೆಂಡು ಗುರಿಯಿಲ್ಲದೆ ಅತ್ತಿತ್ತ ಹಾರುತ್ತದೆ, ಅಂಕಗಳೂ ಕಡಿಮೆ. ಈಗಿನ ಆಟವೇ ಎಷ್ಟೋ ಮೇಲು. ಸುವರ್ಣಯುಗವೆಂಬುದು ದೂರದಲ್ಲಿ ಕುಳಿತವರ ಭ್ರಮೆಯಲ್ಲವೇ? (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಪ್ರಿಯ ಓದುಗರೇ,

ನಿಮ್ಮ ಪತ್ರದ ಅರ್ಧವನ್ನು ಮರುಮಾತಿಲ್ಲದೆ ಒಪ್ಪುತ್ತೇನೆ. ಕೈಚಳಕ, ವೇಗ, ದೇಹದಾರ್ಢ್ಯಗಳನ್ನೇ ಅಳೆಯುವುದಾದರೆ ಇಂದಿನ ತಂಡಗಳ ಮುಂದೆ ತೊಂಬತ್ತರ ದಶಕದ ತಂಡಗಳು ನಿಲ್ಲುವುದು ಕಷ್ಟ. ಈ ಆಟ ನೋಡದವರಿಗಾಗಿ ಒಂದು ಮಾತು: ತಂಡಕ್ಕೆ ಹದಿನೈದು ಜನ, ಕೈಯಲ್ಲಿ ಆಶ್ ಮರದ ಬಾಗಿದ ಕೋಲು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಗೋಲು. ಒಂದು ಗೋಲಿಗೆ ಮೂರು ಅಂಕ. ತಂಡಗಳು ಆಡುವುದು ತಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರಿನಲ್ಲಿ. 2024ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕ್ಲೇರ್ ಕೌಂಟಿ 3 ಗೋಲು 29 ಅಂಕ, ಕಾರ್ಕ್ 1 ಗೋಲು 34 ಅಂಕ ಗಳಿಸಿದವು. ಹೆಚ್ಚುವರಿ ಅವಧಿಯೂ ಮುಗಿದಾಗ ಲೆಕ್ಕ 38–37. ಅದೇ 1999ರಲ್ಲಿ ಕಾರ್ಕ್ ಕಪ್ ಎತ್ತಿದ್ದು 13–12ರ ಗೆಲುವಿನಿಂದ, ಎರಡೂ ಕಡೆ ಒಂದೂ ಗೋಲಿಲ್ಲದೆ. ಈಗಿನವರು ತಮ್ಮ ಅರ್ಧದಿಂದಲೇ ಅಂಕ ಹೊಡೆಯುತ್ತಾರೆ. ಹತ್ತಿರದ ಆಟಗಾರನಿಗೆ ಚೆಂಡು ದಾಟಿಸುತ್ತಾ ಎದುರಾಳಿಯನ್ನು ಬಳಲಿಸುತ್ತಾರೆ. ಹಿಂದೆ ಚೆಂಡನ್ನು ಆದಷ್ಟು ದೂರ ಹೊಡೆದು, ಅದು ಬೀಳುವಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಸೆಣಸುತ್ತಿದ್ದರು, ಅದೂ ಎಷ್ಟೋ ಜನ ಹೆಲ್ಮೆಟ್ ಇಲ್ಲದೆ. ಹೆಲ್ಮೆಟ್ ಕಡ್ಡಾಯವಾದದ್ದು 2010ರಲ್ಲಿ.

ಆದರೆ ನಾವು ಸುವರ್ಣಯುಗ ಎಂದದ್ದು ಆಟದ ಗುಣಮಟ್ಟವನ್ನು ನೋಡಿ ಅಲ್ಲ. 1993ರ ಕೊನೆಗೆ ಕಾರ್ಕ್ ಬಳಿ 27, ಕಿಲ್ಕೆನಿ ಬಳಿ 25, ಟಿಪರೇರಿ ಬಳಿ 24 ಅಖಿಲ ಐರ್ಲೆಂಡ್ ಪಟ್ಟಗಳಿದ್ದವು. 1887ರಲ್ಲಿ ಶುರುವಾದ ಸ್ಪರ್ಧೆಯಲ್ಲಿ ಮೂರೇ ಕೌಂಟಿಗಳಿಗೆ 76! ಉಳಿದವರ ಪಾಲಿಗೆ ಬಂದದ್ದು ಮಿಕ್ಕಿದ್ದು ಮಾತ್ರ. ಅಂಥಲ್ಲಿ 1994ರಲ್ಲಿ ಆಫಲಿ, 1995ರಲ್ಲಿ ಕ್ಲೇರ್, 1996ರಲ್ಲಿ ವೆಕ್ಸ್‌ಫರ್ಡ್, 1997ರಲ್ಲಿ ಮತ್ತೆ ಕ್ಲೇರ್, 1998ರಲ್ಲಿ ಮತ್ತೆ ಆಫಲಿ. ಐದು ವರ್ಷ ಆ ಮೂವರಲ್ಲಿ ಒಬ್ಬರಿಗೂ ಕಪ್ ಸಿಗಲಿಲ್ಲ. 1999ರಲ್ಲಿ ಕಾರ್ಕ್ ಮರಳಿತು; ಅಲ್ಲಿಂದ 2012ರವರೆಗೆ ಹದಿನಾಲ್ಕು ವರ್ಷ ಕಪ್ ಆ ಮೂವರ ಮನೆಯಂಗಳ ಬಿಟ್ಟು ಹೊರಗೆ ಕಾಲಿಡಲಿಲ್ಲ. ಆ ಐದು ವರ್ಷಗಳ ಬೆಲೆ ತಿಳಿಯಬೇಕಾದರೆ ಹಿಂದಿನ ನೂರು ವರ್ಷವನ್ನೂ ಮುಂದಿನ ಹದಿನಾಲ್ಕನ್ನೂ ಜೊತೆಗಿಟ್ಟು ನೋಡಬೇಕು.

ಕ್ಲೇರ್‌ನ ಕಥೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. 1914ರ ನಂತರ ಅಖಿಲ ಐರ್ಲೆಂಡ್ ಪಟ್ಟವಿಲ್ಲ, 1932ರ ನಂತರ ಮನ್‌ಸ್ಟರ್ ಪ್ರಾಂತ್ಯದ ಪಟ್ಟವೂ ಇಲ್ಲ. ಬಿಡ್ಡಿ ಅರ್ಲಿ ಎಂಬ ನಾಟಿ ವೈದ್ಯೆಯ ಶಾಪ ತಟ್ಟಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಕೆ ತೀರಿಕೊಂಡದ್ದು 1874ರಲ್ಲಿ. ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಸಂಘ ಹುಟ್ಟಿದ್ದು 1884ರಲ್ಲಿ. ಆದರೂ ಶಾಪದ ಮಾತು ಸಾಯಲಿಲ್ಲ. ಸತತವಾಗಿ ಸೋಲುವ ಜನಕ್ಕೆ ಸೋಲಿಗೊಂದು ಕಾರಣ ಬೇಕಾಗುತ್ತದೆ. 1993ರ ಪ್ರಾಂತೀಯ ಫೈನಲ್‌ನಲ್ಲಿ ಟಿಪರೇರಿ ಅವರನ್ನು 18 ಅಂಕಗಳಿಂದ ಬಗ್ಗುಬಡಿದಿತ್ತು. ಮರುವರ್ಷ ನಿಮ್ಮ ಲಿಮರಿಕ್ 9 ಅಂಕಗಳಿಂದ ಸೋಲಿಸಿತ್ತು.

ಆಗ ತಂಡದ ಹೊಣೆ ಹೊತ್ತವರು ಜೆರ್ ಲಾಕ್‌ನನ್. ವೃತ್ತಿಯಿಂದ ಶಾಲಾ ಮೇಷ್ಟ್ರು. ಆಟಗಾರರಾಗಿದ್ದಾಗ 1977 ಮತ್ತು 1978ರಲ್ಲಿ ಕಾರ್ಕ್ ಎದುರು ಸತತ ಎರಡು ಪ್ರಾಂತೀಯ ಫೈನಲ್ ಸೋತ ನೋವು ಅವರೊಳಗಿತ್ತು. ಚಳಿಗಾಲದ ರಾತ್ರಿಗಳಲ್ಲಿ ಕ್ರಷೀನ್‌ನ ಕೆಸರು ಮೈದಾನದಲ್ಲಿ, ಶ್ಯಾನನ್‌ನ ಗುಡ್ಡದ ಏರಿನಲ್ಲಿ ಹುಡುಗರನ್ನು ಓಡಿಸಿದರು. ಅವರಲ್ಲಿ ಯಾರಿಗೂ ಸಂಬಳವಿರಲಿಲ್ಲ ಎಂಬುದನ್ನು ನೆನಪಿಡಬೇಕು. ಹರ್ಲಿಂಗ್ ಇಂದಿಗೂ ಹವ್ಯಾಸಿಗಳ ಆಟ. ಹಗಲಿಡೀ ದುಡಿದು ಬಂದವರು ರಾತ್ರಿ ಆ ಗುಡ್ಡ ಹತ್ತುತ್ತಿದ್ದರು. 1995ರಲ್ಲಿ ಲೀಗ್ ಎಂಬ ಬೇರೊಂದು ಸ್ಪರ್ಧೆಯ ಫೈನಲ್‌ನಲ್ಲಿ ಕಿಲ್ಕೆನಿ ಎದುರು ಸೋತ ಮೇಲೂ ಈ ವರ್ಷ ಮನ್‌ಸ್ಟರ್ ನಮ್ಮದೇ ಎಂದು ಲಾಕ್‌ನನ್ ಬಹಿರಂಗವಾಗಿ ಹೇಳಿದರು, ಹಾಗೆಯೇ ಆಯಿತು. ಥರ್ಲಸ್‌ನಲ್ಲಿ ಲಿಮರಿಕ್ ಎದುರಿನ ಆ ಫೈನಲ್‌ನಲ್ಲಿ ಗೋಲ್‌ಕೀಪರ್ ಡೇವಿ ಫಿಟ್ಸ್‌ಜೆರಾಲ್ಡ್ ಮೈದಾನದ ಆ ತುದಿಯವರೆಗೂ ಹೋಗಿ ಪೆನಾಲ್ಟಿಯನ್ನು ಗೋಲಾಗಿಸಿ, ಉಸಿರು ಬಿಗಿಹಿಡಿದು ತನ್ನ ಬಲೆಯತ್ತ ಓಡಿ ಬರುವ ದೃಶ್ಯವನ್ನು ನೀವು ನೋಡಿಲ್ಲವಾದರೆ ದಯವಿಟ್ಟು ನೋಡಿ. ಆ ಓಟದಲ್ಲಿ ಗುರಿಯಿಲ್ಲದ್ದು ಏನೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಎದುರಾದದ್ದು ಹಾಲಿ ಚಾಂಪಿಯನ್ ಆಫಲಿ. ಕೊನೆಯ ನಿಮಿಷಗಳಲ್ಲಿ ಕಂಬಕ್ಕೆ ಬಡಿದು ಹಿಂದಿರುಗಿದ ಚೆಂಡನ್ನು ಬದಲಿ ಆಟಗಾರ ಏಮನ್ ಟಾಫ್ ಬಲೆಗೆ ಸೇರಿಸಿದರು. ನಾಯಕ ಆಂಟನಿ ಡೇಲಿ ದೂರದಿಂದ ಹೊಡೆದ ಅಂಕ ತಂಡಕ್ಕೆ ಮುನ್ನಡೆ ತಂದಿತು. 16–14. ಕಪ್ ಹಿಡಿದು ಡೇಲಿ ಆಡಿದ ಮಾತಿನ ಸಾರ ಇದು: 81 ವರ್ಷಗಳಿಂದ ಕ್ಲೇರ್‌ನಲ್ಲಿ ಒಬ್ಬರು ಕಾಣೆಯಾಗಿದ್ದರು, ಇಂದು ಜೀವಂತವಾಗಿ ಸಿಕ್ಕಿದ್ದಾರೆ, ಅವರ ಹೆಸರು ಲಿಯಮ್ ಮೆಕಾರ್ಥಿ. ಅದು ಆ ಕಪ್‌ನ ಹೆಸರು. 1914ರ ಗೆಲುವನ್ನು ಕಂಡಿದ್ದ ಅಜ್ಜಂದಿರ ಮೊಮ್ಮಕ್ಕಳೂ ಆ ಹೊತ್ತಿಗೆ ನಡುವಯಸ್ಸಿನವರಾಗಿದ್ದರು.

ವೆಕ್ಸ್‌ಫರ್ಡ್‌ನದು ಚುಟುಕಾಗಿ. 1968ರ ನಂತರ ಕಪ್ ಇರಲಿಲ್ಲ. 1996ರಲ್ಲಿ ತರಬೇತುದಾರ ಲಿಯಮ್ ಗ್ರಿಫಿನ್ ಪ್ರಾಂತೀಯ ಫೈನಲ್‌ಗೆ ಹೊರಟ ಬಸ್ಸನ್ನು ಕೌಂಟಿಯ ಗಡಿಯಲ್ಲಿ ನಿಲ್ಲಿಸಿ, ಆಟಗಾರರನ್ನು ಇಳಿಸಿ, ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿಸಿದರು. ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಮಧ್ಯಂತರಕ್ಕೂ ಮುನ್ನವೇ ಒಬ್ಬ ಆಟಗಾರನನ್ನು ರೆಫರಿ ಹೊರಹಾಕಿದರು; ಉಳಿದ ಹದಿನಾಲ್ಕು ಜನ ಕೊನೆಯವರೆಗೂ ಕಾದಾಡಿ 16–14ರಿಂದ ಗೆದ್ದರು. ಸೋತವರು ನಿಮ್ಮವರು.

ಆಫಲಿಯ 1998 ಮಾತ್ರ ಚುಟುಕಾಗಿ ಮುಗಿಯುವಂಥದ್ದಲ್ಲ. ಪ್ರಾಂತೀಯ ಫೈನಲ್‌ನಲ್ಲಿ ಕಿಲ್ಕೆನಿ ಎದುರು ಸೋತಾಗ ತರಬೇತುದಾರ ಬ್ಯಾಬ್ಸ್ ಕೀಟಿಂಗ್ ತಮ್ಮ ಆಟಗಾರರನ್ನು ಕುರಿಹಿಂಡಿಗೆ ಹೋಲಿಸಿದರು, ಹುದ್ದೆಯನ್ನೂ ಬಿಟ್ಟರು. ಹಿಂದಿನ ವರ್ಷವಷ್ಟೇ ನಿಯಮ ಬದಲಾಗಿ, ಪ್ರಾಂತೀಯ ಫೈನಲ್‌ನಲ್ಲಿ ಸೋತವರಿಗೆ ಮತ್ತೊಂದು ಅವಕಾಶ ಸಿಗತೊಡಗಿತ್ತು. ಮೈಕಲ್ ಬಾಂಡ್ ಎಂಬ ಹೊಸಬರ ಕೈಯಲ್ಲಿ ತಂಡ ಸೆಮಿಫೈನಲ್‌ಗೆ ಬಂತು. ಎದುರಿಗೆ ಚಾಂಪಿಯನ್ ಕ್ಲೇರ್. ಮೊದಲ ಪಂದ್ಯ ಸಮ. ಆಗಸ್ಟ್ 22ರ ಮರುಪಂದ್ಯದಲ್ಲಿ ಕ್ಲೇರ್ ಮೂರು ಅಂಕ ಮುಂದಿತ್ತು. ಎರಡು ನಿಮಿಷ ಇನ್ನೂ ಬಾಕಿ ಇರುವಾಗಲೇ ರೆಫರಿ ಕೊನೆಯ ಸೀಟಿ ಊದಿಬಿಟ್ಟರು. ಆಫಲಿಯ ಅಭಿಮಾನಿಗಳು ಸಾವಿರಗಟ್ಟಲೆ ಮೈದಾನಕ್ಕಿಳಿದು ಹುಲ್ಲಿನ ಮೇಲೆ ಕುಳಿತರು, ಏಳಲಿಲ್ಲ. ಅವರ ಬೇಡಿಕೆ ಒಂದೇ: ನಮ್ಮ ಎರಡು ನಿಮಿಷ ಕೊಡಿ.

ಹಾಗಾಗಿ ಮತ್ತೆ ಆಡಿಸಿದ ಮೂರನೆಯ ಪಂದ್ಯ ಥರ್ಲಸ್‌ನಲ್ಲಿ ನಡೆಯಿತು, ಆಫಲಿ 16–13ರಿಂದ ಗೆದ್ದಿತು. ಫೈನಲ್‌ನಲ್ಲಿ ಅದೇ ಕಿಲ್ಕೆನಿ. ಜ್ವರದಿಂದ ಬಳಲುತ್ತಿದ್ದ ಆಫಲಿಯ ಬ್ರಯನ್ ವೆಲಹನ್ ರಕ್ಷಣಾ ಸಾಲಿನಲ್ಲಿ ಆಟ ಆರಂಭಿಸಿ ತಡವರಿಸಿದಾಗ ಅವರನ್ನು ಮುಂಚೂಣಿಗೆ ಕಳುಹಿಸಿದರು. ಅಲ್ಲಿ ಅವರು 1 ಗೋಲು 6 ಅಂಕ ಬಾರಿಸಿದರು. ಪ್ರಾಂತೀಯ ಫೈನಲ್‌ನಲ್ಲಿ ಸೋತೂ ಕಪ್ ಗೆದ್ದ ಮೊದಲ ತಂಡ ಆಫಲಿ. ಆ ಮೂರು ಪಂದ್ಯಗಳ ವಿಷಯದಲ್ಲಿ ಕ್ಲೇರ್‌ನವರಿಗೆ ಇಂದಿಗೂ ಅಸಮಾಧಾನವಿದೆ, ಅದು ನ್ಯಾಯವೇ. ಗೆದ್ದ ಸೆಮಿಫೈನಲ್ಲನ್ನು ಮತ್ತೆ ಆಡಬೇಕಾಗಿ ಬಂದರೆ ಯಾರಿಗೆ ತಾನೇ ನೋವಾಗುವುದಿಲ್ಲ?

ಈಗ ನಿಮ್ಮ ಸಹೋದ್ಯೋಗಿಗಳ ಬಾಡಿದ ಮುಖಕ್ಕೆ ಬರುತ್ತೇನೆ. 1994ರ ಫೈನಲ್‌ನಲ್ಲಿ ಐದು ನಿಮಿಷ ಉಳಿದಿದ್ದಾಗ ಲಿಮರಿಕ್ ಐದು ಅಂಕ ಮುಂದಿತ್ತು. ಆಫಲಿಯ ಜಾನಿ ಡೂಲಿ ಫ್ರೀ ಹೊಡೆತವನ್ನು ಬಲೆಗೆ ನುಗ್ಗಿಸಿದರು. ಬೆನ್ನಲ್ಲೇ ಪ್ಯಾಟ್ ಓ’ಕಾನರ್ ಇನ್ನೊಂದು ಗೋಲು ಹೊಡೆದರು. ಮೇಲೆ ಐದು ಅಂಕ. ಲಿಮರಿಕ್ ಆರು ಅಂಕಗಳಿಂದ ಸೋತಿತು. ಆಫಲಿಯ ತರಬೇತುದಾರ ಏಮನ್ ಕ್ರೆಗನ್ ಲಿಮರಿಕ್‌ನವರೇ, 1973ರಲ್ಲಿ ಲಿಮರಿಕ್‌ಗಾಗಿ ಕಪ್ ಗೆದ್ದವರು. ಗೆದ್ದ ತಂಡದ ಯಜಮಾನನಾಗಿ ನಿಂತಿದ್ದ ಅವರ ಮುಖದಲ್ಲಿ ಆ ದಿನ ಸಂಭ್ರಮವಿರಲಿಲ್ಲ. ಎರಡು ವರ್ಷದ ಬಳಿಕ ಮತ್ತೆ ಫೈನಲ್, ಮತ್ತೆ ಸೋಲು. 2018ರಲ್ಲಿ ಗಾಲ್ವೇ ಎದುರು ಒಂದೇ ಅಂಕದಿಂದ ಗೆಲ್ಲುವವರೆಗೆ 45 ವರ್ಷ ನಿಮ್ಮ ಊರು ಕಾದಿತು. 2020ರಿಂದ 2023ರವರೆಗೆ ಸತತ ನಾಲ್ಕು ಕಪ್ ತಂದ ಇಂದಿನ ತಂಡವನ್ನು ಅಲ್ಲಿನವರು ಎದೆಗೊತ್ತಿಕೊಂಡರೆ ಅದು ಅವರ ಹಕ್ಕು, ಅದನ್ನು ಸುವರ್ಣಯುಗ ಎನ್ನಲು ನನ್ನ ಅಡ್ಡಿಯಿಲ್ಲ. ಅದು ಒಂದು ಕೌಂಟಿಯ ಸುವರ್ಣಯುಗ. ನಾವು ಬರೆದದ್ದು, ಯಾರು ಬೇಕಾದರೂ ಗೆಲ್ಲಬಹುದು ಎಂದು ಎಲ್ಲ ಕೌಂಟಿಗಳೂ ನಂಬಿದ ಕಾಲದ ಬಗ್ಗೆ.

ಆ ಕಾಲದಲ್ಲಿ ಲಿಮರಿಕ್‌ಗೆ ಪಾಲೇ ಇರಲಿಲ್ಲವೆಂದು ಮಾತ್ರ ನಾನು ಒಪ್ಪುವುದಿಲ್ಲ. 1996ರ ಜೂನ್, ಸುಡುಬಿಸಿಲು, ನಿಮ್ಮ ನಗರದ ಎನ್ನಿಸ್ ರಸ್ತೆಯ ಗೇಲಿಕ್ ಗ್ರೌಂಡ್ಸ್. ಚಾಂಪಿಯನ್ ಕ್ಲೇರ್ ಎದುರು ಪಂದ್ಯ ಸಮ, ಸಮಯ ಮುಗಿಯುತ್ತಿದೆ. ಕ್ಲೇರ್ ಗೋಲ್‌ಕೀಪರ್ ಹೊಡೆದ ಚೆಂಡನ್ನು ಹಿಡಿದ ಕಿಯರನ್ ಕೇರಿ ತಮ್ಮ ಅರ್ಧದಿಂದ ಓಟ ಕಿತ್ತು, ಅಡ್ಡ ಬಂದವರನ್ನು ದಾಟಿ, ಓಡುತ್ತಲೇ ಅಡ್ಡಪಟ್ಟಿಯ ಮೇಲೆ ಹಾಯಿಸಿದರು. 16–15. ಚಾಂಪಿಯನ್ನರು ಮನೆಗೆ ಹೋದರು. ಆ ಬೇಸಿಗೆಯಲ್ಲಿ ಮನ್‌ಸ್ಟರ್ ಪಟ್ಟ ಲಿಮರಿಕ್‌ನದಾಯಿತು.

ಆ ದಿನ ಮೈದಾನದಲ್ಲಿದ್ದವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. 1994ರ ಬಗ್ಗೆ ಕೇಳುವ ಬದಲು ಕೇರಿಯ ಓಟದ ಬಗ್ಗೆ ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದು ಕಳುಹಿಸಿ. ಕ್ರೀಡಾ ಪುಟದಲ್ಲಿ ಒಂದಕ್ಷರವೂ ಕತ್ತರಿಸದೆ ಪ್ರಕಟಿಸುತ್ತೇವೆ.

— ಸಂಪಾದಕ