ದೊಡ್ಡಹಬ್ಬದ ರಾತ್ರಿ ನಾಯಿ ಎಲ್ಲಿರಬೇಕು?

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಹೋದ ದೀಪಾವಳಿಯಲ್ಲಿ ನಮ್ಮ ನಾಯಿ ಎರಡು ದಿನ ಊಟ ಬಿಟ್ಟಿತ್ತು. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತೆ, ಅಂಗಳದಲ್ಲೇ ಕಟ್ಟು, ಅಭ್ಯಾಸ ಆಗುತ್ತೆ ಅಂತಾರೆ ನಮ್ಮ ಯಜಮಾನರು. ನಿದ್ದೆ ಮಾತ್ರೆ ಕೊಡಬಹುದಾ? ವರ್ಷಕ್ಕೊಂದು ಹಬ್ಬ, ಮಕ್ಕಳಿಗೆ ಪಟಾಕಿ ಬೇಡ ಅನ್ನೋಕೂ ಆಗಲ್ಲ.’

ಸಂಪಾದಕರ ಉತ್ತರ:

ಕೊನೆಯ ಮಾತಿಗೆ ಮೊದಲು ಉತ್ತರ. ಹೌದು, ಮಕ್ಕಳಿಗೆ ಆಸೆ ಇರುತ್ತದೆ. ನಾನೂ ಚಡ್ಡಿ ಜೇಬಲ್ಲಿ ಪಟಾಕಿ ತುಂಬಿಕೊಂಡು ಓಡಾಡಿದವನೇ. ಸುರುಸುರುಬತ್ತಿ, ನೆಲಚಕ್ರ ಹಚ್ಚಲಿ. ಮಕ್ಕಳ ಪರ ವಾದ ಇಲ್ಲಿಗೆ ಮುಗಿಯಿತು.

ಎರಡು ದಿನ ಊಟ ಬಿಟ್ಟಿದ್ದನ್ನು ನೀವು ಗಮನಿಸಿದ್ದೀರಲ್ಲ, ಅದಕ್ಕೇ ಈ ಪತ್ರ ಆರಿಸಿಕೊಂಡೆ. ಎಷ್ಟೋ ಮನೆಯಲ್ಲಿ ತಟ್ಟೆ ಹಾಗೇ ಉಳಿದಿದ್ದು ಯಾರಿಗೂ ಕಾಣುವುದಿಲ್ಲ. ಆದರೆ ಕಟ್ಟಿ ಹಾಕುವ ಮಾತನ್ನು ಸುಮ್ನೆ ಕೇಳಿಸಿಕೊಂಡಿರಲ್ಲ, ಅದಕ್ಕೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಇದೆ.

ನಮ್ಮ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳಿದರೆ ನಾಯಿಯದು 45,000ದ ತನಕ ಕೇಳುತ್ತದೆ. ಅದಕ್ಕೆ ಹಬ್ಬ ಗೊತ್ತಿಲ್ಲ, ಸದ್ದು ಎಲ್ಲಿಂದ ಬಂತು ಅಂತ ಗೊತ್ತಿಲ್ಲ, ಓಡಬೇಕು ಅನ್ನುವುದೊಂದೇ ಗೊತ್ತು, ಅದೇ ಹೊತ್ತಿಗೆ ಕುತ್ತಿಗೆಗೆ ಸರಪಳಿ! ನಾನು ಸಣ್ಣವನಿದ್ದಾಗ ನಮ್ಮ ಮನೆಯ ಕರಿಯ ಬಲಿಪಾಡ್ಯಮಿ ರಾತ್ರಿ ಸರಪಳಿ ಕಿತ್ತುಕೊಂಡು ಓಡಿತು. ಮೂರನೇ ದಿನ ಗುಡ್ಡದಲ್ಲಿ ಸಿಕ್ಕಿತು. ಸರಪಳಿ ಪೊದೆಗೆ ಸುತ್ತಿಕೊಂಡು ಅಲ್ಲೇ ಕೂತಿತ್ತು. ಬೊಗಳಿರಲೂ ಇಲ್ಲ. ಚಿರತೆ ಅಡ್ಡಾಡುವ ಊರು ನಮ್ಮದು, ಕರಿಯನದ್ದು ಗಟ್ಟಿ ಆಯಸ್ಸು. ಕಟ್ಟಿದ್ದು ನಾನೇ.

ಮುದ್ದು ಮಾಡಿದರೆ ಹೆದರಿಕೆ ಬೆಳೆಯುವುದಿಲ್ಲ. ಹೆದರಿಕೆ ಅಂದರೆ ನಾಯಿ ಬೇಕಂತಲೇ ಮಾಡುವ ಚೇಷ್ಟೆಯಲ್ಲ, ಮೆಚ್ಚಿದರೆ ಜಾಸ್ತಿಯಾಗೋಕೆ. ಹತ್ತಿರ ಬಂದರೆ ಬೆನ್ನು ಸವರಿ, ಮೂಲೆ ಸೇರಿದರೆ ಎಳೆಯಬೇಡಿ. ನಿದ್ದೆ ಮಾತ್ರೆ ಮಾತ್ರ ಬೇಡ. ಅಸೆಪ್ರೊಮಜೀನ್‌ ಅಂತ ಒಂದು ಹಳೇ ಮದ್ದಿದೆ. ಅದೊಂದನ್ನೇ ಕೊಟ್ಟರೆ ಕಾಲು ಸೋಲುತ್ತದೆ, ಕಿವಿ ಕೇಳುತ್ತಲೇ ಇರುತ್ತದೆ, ನೋಡುವವರಿಗೆ ಮಾತ್ರ ಸಮಾಧಾನ. ದಿಗಿಲು ಇಳಿಸುವ ಬೇರೆ ಮದ್ದುಗಳಿವೆ. ಹಬ್ಬಕ್ಕೆ ಎರಡು ವಾರ ಮೊದಲೇ ಪಶುವೈದ್ಯರನ್ನು ಕೇಳಿ. ಉಳಿದಿದ್ದು ಸುಲಭ. ಬೆಳಕಿರುವಾಗಲೇ ತಿರುಗಾಡಿಸಿ, ಊಟ ಹಾಕಿ, ಕಿಟಕಿ ಮುಚ್ಚಿ, ಭದ್ರಾವತಿ ಆಕಾಶವಾಣಿ ಹಾಕಿಡಿ. ದ್ರಾಕ್ಷಿ ಹಾಕಿದ ಪಾಯಸ ಕೊಡಬೇಡಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ.

ಈಗ ನನ್ನ ಹಳೇ ತಕರಾರು. ನಮ್ಮ ಮಲೆನಾಡಿಗೆ ಇದು ಪಟಾಕಿ ಹಬ್ಬ ಯಾವಾಗ ಆಯಿತು? ಇದು ದನಕರುಗಳ ಹಬ್ಬ ಅಲ್ವಾ? ಬೆಳಗ್ಗೆ ಮೈ ತೊಳೆದು, ಕೊಂಬಿಗೆ ಕೆಮ್ಮಣ್ಣು ಬಳಿದು, ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಕಟ್ಟಿ, ಕಾಲಿಗೆ ಬಿದ್ದು, ಸಂಜೆ ಅದೇ ಕೊಟ್ಟಿಗೆಯ ಪಕ್ಕ ಸರಮಾಲೆ ಹಚ್ಚುತ್ತೇವೆ. ಹಗ್ಗ ಜಗ್ಗಿ ಜಗ್ಗಿ ಗಬ್ಬದ ಹಸು ಬಿದ್ದಿದ್ದನ್ನು ನೋಡಿದ್ದೇನೆ. ಹಿಂದೆ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಬೇಲಿಬಾಗಿಲಿನ ಉಣುಗೋಲು ದಾಟಿ ಬರುತ್ತಿದ್ದರು. ನಾಯಿ ನಾಲ್ಕು ಸಲ ಬೊಗಳಿ, ಗುರುತು ಹಿಡಿದು, ಬಾಲ ಆಡಿಸುತ್ತಿತ್ತು. ಈಗ ಹಾಡು ಬಂದರೂ ಸದ್ದಿನಲ್ಲಿ ಕೇಳುವುದಿಲ್ಲ.

ಕಾನೂನು ಇಲ್ಲವೇ? ಇದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿ ಮಾಡುವಂತಿಲ್ಲ, ಮಾರುವಂತಿಲ್ಲ. ದೀಪಾವಳಿಗೆ ರಾತ್ರಿ 8ರಿಂದ 10 ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ನಮ್ಮ ಬೀದಿಯಲ್ಲಿ ಹನ್ನೆರಡಕ್ಕೆ ಶುರುವಾಗುತ್ತದೆ. ತೋಟಕ್ಕೆ ಮಂಗ ಬಂದರೆ ನಾವೂ ಗರ್ನಾಲು ಹೊಡೆಯುತ್ತೇವಲ್ಲ ಅಂತ ಯಾರಾದರೂ ಬರೆಯುತ್ತಾರೆ, ಗೊತ್ತು. ಹೊಡೆಯುತ್ತೇವೆ. ಮಂಗ ಓಡಿಹೋಗಲಿ ಅಂತ ಹೊಡೆಯುತ್ತೇವೆ.

ಇನ್ನು ಜಾಗದ ವಿಷಯ. ಗುಡ್ಡದಿಂದ ವಾಪಸು ಬಂದ ಮೇಲೆ ಕರಿಯ ತಾನೇ ಒಂದು ಜಾಗ ಹುಡುಕಿಕೊಂಡಿತು. ಹಬ್ಬದ ರಾತ್ರಿ ಬಚ್ಚಲುಮನೆಯ ಹಂಡೆ ಹಿಂದೆ, ದಪ್ಪ ಮಣ್ಣುಗೋಡೆಗೆ ಒತ್ತಿಕೊಂಡು ಮಲಗುತ್ತಿತ್ತು. ಬೆಕ್ಕು ಒಲೆಯ ಬೂದಿಯೊಳಗೆ. ನಿಮ್ಮಲ್ಲೂ ಬಚ್ಚಲೊಲೆ ಇದ್ದರೆ, ಎಣ್ಣೆಸ್ನಾನಕ್ಕೆ ಬೆಂಕಿ ಹಾಕುವ ಮೊದಲು ಒಂದು ಸಲ ಒಳಗೆ ಬಗ್ಗಿ ನೋಡಿ.